ಬೆಕ್ಕಿನ ನಾಲಿಗೆಯಂಥ ಸೂಜಿ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ದಿನ ಅಜ್ಜಿ ಉಟ್ಟಿದ್ದ ಸೀರೆಯ ಬಣ್ಣವಂತೂ ನೆನೆದಾಗಲೆಲ್ಲ ಬದಲಾಗುತ್ತದೆ. ಆದರೆ ಹೋದ ವಾರ ಮನೆ ಬದಲಿಸುವಾಗ ಹಳೆಯ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿದ ಸಿಲಿಕೋನ್ ಅಚ್ಚು ಮಾತ್ರ ನಿಜ. ಉಗುರಿನಷ್ಟಗಲ. ಬೆಳಕಿಗೆ ಹಿಡಿದರೆ ಸಾಲುಸಾಲು ಸಣ್ಣ ಗುಳಿಗಳು.

ಆಗ ನಾನು ವೈಟ್‌ಫೀಲ್ಡ್‌ನ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಆ ಗುಳಿಗಳಿಗೆ ಪಾಲಿಮರ್ ದ್ರಾವಣ ಸುರಿದು, ಗಾಳಿಗುಳ್ಳೆ ತೆಗೆದು, ಒಣಗಿಸಿ ಬಿಡಿಸಿದರೆ ಕಣ್ಣಿಗೆ ಕಂಡೂ ಕಾಣದಂಥ ಸೂಜಿಗಳ ಪಟ್ಟಿ ಸಿಗುತ್ತಿತ್ತು. ಚರ್ಮಕ್ಕೆ ಒತ್ತಿದರೆ ಆ ಮುಳ್ಳುಗಳು ಒಳಗೇ ಕರಗಿ ಔಷಧಿ ಬಿಡಬೇಕು, ನೋವಿರಬಾರದು. ಅದು ನಮ್ಮ ಆಸೆ.

ನಾನೂ ಅಕ್ಕನೂ ಕುಂದಲಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಕೆಳಗಡೆ ಇದ್ದವರು ಮನೆಯ ಒಡತಿ, ನಮ್ಮ ಬಾಯಲ್ಲಿ ಓನರ್ ಅಜ್ಜಿ. ತಾವೇ ರಾಗಿ ಬೆಳೆದ ಹೊಲದಲ್ಲಿ ಆ ಮನೆ ಕಟ್ಟಿಸಿದ್ದರು. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಹೊಟ್ಟೆಯ ಮೇಲೆ ಚುಚ್ಚಲು ಜಾಗವೇ ಉಳಿದಿಲ್ಲ ಎನ್ನುತ್ತಿದ್ದರು.

ಆ ಮಳೆಗಾಲ ನಮ್ಮ ಸೂಜಿಗಳು ಡಬ್ಬಿಯಲ್ಲೇ ಮೆತ್ತಗಾಗಿ ಬಾಗುತ್ತಿದ್ದವು. ಬಿಸಿಲು ಬಿದ್ದ ಒಂದು ಮಧ್ಯಾಹ್ನ ಹಪ್ಪಳ ಒಣಗಿಸಿ ತಂದಿದ್ದ ಅಜ್ಜಿಯ ಮುಂದೆ ಗೋಳು ಹೇಳಿಕೊಂಡೆ.

"ಬಿಸಿ ಇದ್ದಂಗೇ ಡಬ್ಬಿಗಾಕಿ ಮುಚ್ತೀರೇನವ್ವಾ?"

"ಹೂಂ ಅಜ್ಜಿ, ಓವನ್ನಿಂದ ತೆಗ್ದ ತಕ್ಷಣ."

"ಬೆವರ್ದೆ ಇನ್ನೇನಾಯ್ತದೆ? ಅಪ್ಪಳಾನೂ ಅಂಗೇಯ. ಆರಕ್ಕೆ ಬಿಟ್ಟು ಆಮೇಲೆ ಮುಚ್ಚು. ಇಷ್ಟು ಓದಿ ಏನ್ ಬಂತು!"

ಮರುದಿನದಿಂದ ಒಣಗಾಳಿಯ ಪೆಟ್ಟಿಗೆಯಲ್ಲಿ ಆರಿಸಿ ಮುಚ್ಚಿದೆವು. ಮುಳ್ಳುಗಳು ಗಟ್ಟಿಯಾಗಿ ನಿಂತವು.

ಆ ಖುಷಿಯಲ್ಲಿ ಅಜ್ಜಿಗೊಂದು ಪಟ್ಟಿ ತಂದೆ. ಪ್ರಯೋಗಾಲಯದಿಂದ ಹೊರಗೆ ತರುವಂತಿರಲಿಲ್ಲ, ಆದರೂ ತಂದೆ. ಔಷಧಿ ಬೆರೆಸದ, ಬರೀ ಪಾಲಿಮರಿನದು. ಅಜ್ಜಿ ಬೆರಳಾಡಿಸಿ ನಕ್ಕರು. "ಇದೇನ್ ಸೂಜಿನಾ? ಬೆಕ್ಕಿನ ನಾಲ್ಗೆ ಇದ್ದಂಗದೆ!"

ತೋಳು ಚಾಚಿದರು. ಸ್ಪಿರಿಟ್ ಒರೆಸಿ, ಪಟ್ಟಿ ಒತ್ತಿ, ಮೇಲೆ ಟೇಪ್ ಅಂಟಿಸಿದೆ. "ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಕಣೇ" ಎಂದರು. ಕಣ್ಣು ಒದ್ದೆಯಾಗಿತ್ತು… ಅಥವಾ ಅದು ನಾನು ಆಮೇಲೆ ಸೇರಿಸಿಕೊಂಡದ್ದೋ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಇದರಲ್ಲಿ ಔಷಧಿಯಿಲ್ಲ ಎಂದು ಅಜ್ಜಿಗೆ ಹೇಳಿದೆ. ಹೇಳಿದೆನೆಂದೇ ನನ್ನ ನೆನಪು…

ಮೂರನೆಯ ದಿನ ಅಜ್ಜಿ ತಲೆಸುತ್ತಿ ಬಿದ್ದರು. ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಎರಡು ದಿನದಿಂದ ಇನ್ಸುಲಿನ್ ತೆಗೆದುಕೊಂಡಿರಲಿಲ್ಲ. ಆಸ್ಪತ್ರೆಯಲ್ಲಿ ಅವರ ಮಗ ಗದರಿದರು.

"ಮರ್ತೋಯ್ತು ಕಣಪ್ಪ, ವಯಸ್ಸಾಯ್ತಲ್ಲ" ಎಂದರು ಅಜ್ಜಿ, ನನ್ನ ಕಡೆ ನೋಡದೆ. ತೋಳಿನ ಮೇಲೆ ಆ ಟೇಪ್ ಇನ್ನೂ ಇತ್ತು. ಅದರ ಮೇಲೆ ಸೆರಗು ಎಳೆದುಕೊಂಡರು.

ಚೇತರಿಸಿಕೊಂಡು ಮನೆಗೆ ಬಂದ ಮೇಲೂ ಅವರು ಆ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ. ಹಪ್ಪಳ ಕೊಡುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ನಾವು ಆ ಮನೆ ಬಿಟ್ಟ ಎಷ್ಟೋ ವರ್ಷಗಳ ಮೇಲೆ ಅಜ್ಜಿ ತೀರಿಕೊಂಡರೆಂದು ಯಾರೋ ಹೇಳಿದರು. ಈಗ ಅಲ್ಲಿ ಆರಂತಸ್ತಿನ ಪಿ.ಜಿ. ಹಾಸ್ಟೆಲ್ ಎದ್ದಿದೆ. ನಾನು ಕೇಳಬೇಕಾಗಿದ್ದವರು ಇಲ್ಲ.

ಅಚ್ಚಿನ ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ. "ಅಯ್ಯೋ, ಓನರ್ ಅಜ್ಜಿ!" ಎಂದು ತಕ್ಷಣ ಉತ್ತರ ಬಂತು. ಆಮೇಲೆ ಕೇಳಿದೆ: "ಅವತ್ತು ನೀನೂ ಅಲ್ಲೇ ಇದ್ಯಲ್ಲ. ಇದ್ರಲ್ಲಿ ಔಷಧಿ ಇಲ್ಲ ಅಂತ ನಾನು ಅಜ್ಜಿಗೆ ಹೇಳಿದ್ನಾ?"

ಅವಳು ಅದನ್ನು ಓದಿ ನಾಲ್ಕು ದಿನವಾಯಿತು.