ಗುಂಡು ಮೂಗಿನ ಕತ್ತಿ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಬ್ಯಾಂಕಿನವರು ನಿನ್ನೆ ಸಂಜೆ ಕೊರಿಯರಿನಲ್ಲಿ ಬಂದ ಡಬ್ಬಿಯೊಂದನ್ನು ಹಿಡಿದು ಕೆಳಗಿಳಿದರು. ಒಳಗೆ ಮಡಚುವ ಕ್ಷೌರದ ಕತ್ತಿ. ಫಳಫಳ ಹೊಳೆಯುವ ಅಲಗು, ಅದರ ಮೇಲೆ ಬಾಯಿ ತೆರೆದ ಹುಲಿಯ ಚಿತ್ರ.

“ಮೊಬೈಲ್‌ನಾಗೆ ನೋಡಿ ತರಿಸ್ದೆ ಅಕ್ಕಾರೆ. ಇನ್ಮ್ಯಾಲೆ ನಾನೂ ಇದ್ರಾಗೆ ಗಡ್ಡ ಮಾಡ್ಕೊಳ್ಳಾಕೆ ಕಲೀಬೇಕು ಅಂತ. ಹೆಂಗೈತೆ?”

ನಾನು ಹೊನ್ನಾಳಿಯಲ್ಲಿ ರವಿಕೆ ಹೊಲಿದುಕೊಂಡಿರುವವಳು. ಗಂಡಸರು ಗಡ್ಡದ ಕತ್ತಿಯ ವಿಚಾರವನ್ನು ನನ್ನಲ್ಲಿ ಕೇಳುವುದು ನಿಮಗೆ ವಿಚಿತ್ರವೆನಿಸಬಹುದು. ನನಗೂ ಅನಿಸುತ್ತದೆ, ಜೊತೆಗೆ ಒಂದಿಷ್ಟು ಜಂಬವೂ ಬರುತ್ತದೆ. ಕತ್ತಿ ಬಿಡಿಸಿ ಮೊದಲು ಅದರ ಮೂಗು, ಅಂದರೆ ಅಲಗಿನ ತುದಿ, ನೋಡಿದೆ. ಸೂಜಿಯಂತೆ ಚೂಪಾಗಿತ್ತು. “ಮೊದಲನೇ ಕತ್ತಿ ಇದಾಗೋದು ಬ್ಯಾಡ್ರಿ” ಎಂದೆ. ಅವರ ಮುಖ ಸಪ್ಪಗಾಯಿತು. ಎರಡು ವರ್ಷದ ಹಿಂದೆ ಸಾಣೆ ಹಿಡಿಯುವ ರಹೀಂಸಾಬರ ಎದುರು ನನ್ನ ಮುಖವೂ ಹೀಗೆಯೇ ಆಗಿತ್ತು.

ಆಗ ಅಪ್ಪನಿಗೆ ಲಕ್ವ ಹೊಡೆದು, ಜಗಳೂರಿನಿಂದ ನಮ್ಮ ಮನೆಗೆ ಕರೆತಂದಿದ್ದೆವು. ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದವನು. ಬೆಳಗಿನ ಮೊದಲ ಬಸ್ಸು ಹೊರಡುವ ಮುಂಚೆ ತನ್ನ ಗಡ್ಡವನ್ನು ತಾನೇ ಉದ್ದ ಕತ್ತಿಯಲ್ಲಿ ತೆಗೆದುಕೊಳ್ಳುತ್ತಿದ್ದ. ಅವನ ಮುಖಕ್ಕೆ ಇನ್ನೊಬ್ಬರ ಕೈ ಸೋಕಿದ್ದನ್ನು ನಾನು ಕಂಡಿರಲಿಲ್ಲ. ಈಗ ಬಲಗೈ ಏಳುತ್ತಿರಲಿಲ್ಲ, ಬಾಯಿ ಒಂದು ಕಡೆಗೆ ಇಳಿದು ಜೊಲ್ಲು ಸುರಿಯುತ್ತಿತ್ತು. ಕ್ಷೌರದವರನ್ನು ಮನೆಗೇ ಕರೆಸೋಣವೆಂದರೆ, “ಹೊರಗಿನೋರು ನನ್ನ ಹಿಂಗೆ ನೋಡೋದು ಬ್ಯಾಡ” ಎಂದು ತೊದಲಿದ. ನನ್ನ ಗಂಡ ಅಂಗಡಿಯ ಪ್ಲಾಸ್ಟಿಕ್ ರೇಜರ್ ತಂದರೆ ಎಡಗೈಯಿಂದ ಅದನ್ನು ಮೂಲೆಗೆ ಒಗೆದ. ಗಡ್ಡ ಬೆಳೆಯಿತು. ಯಾರಾದರೂ ನೋಡಲು ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ನೂರಾರು ಜನರೊಂದಿಗೆ ಮಾತಾಡಿಕೊಂಡು ಬದುಕಿದ ಮನುಷ್ಯ ಹೀಗೆ ಗೋಡೆ ನೋಡಿಕೊಂಡೇ ಹೋಗಿಬಿಡುತ್ತಾನೆಂದು ನನಗೆ ಭಯ ಹತ್ತಿತು. ಹೊರಗಿನವರು ಬೇಡವೆಂದರೆ ಒಳಗಿನವಳು ನಾನಿದ್ದೇನಲ್ಲ, ನಾನೇ ತೆಗೆಯುತ್ತೇನೆ ಎಂದು ಅವತ್ತು ತೀರ್ಮಾನಿಸಿದೆ. ಅವನನ್ನು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ರಹೀಂಸಾಬರು ನನ್ನ ಕತ್ತರಿಗಳಿಗೆ ಹತ್ತು ವರ್ಷದಿಂದ ಸಾಣೆ ಹಿಡಿಯುವವರು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಂಚದಷ್ಟೇ ಅಗಲದ ಅಂಗಡಿ. ಅಪ್ಪನ ಕತ್ತಿಯನ್ನೇ ಒಯ್ದು, ಇದಕ್ಕೆ ಸಾಣೆ ಕೊಡಿ ಎಂದೆ. ಸಾಬರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಬಹಳ ಹೊತ್ತು ನೋಡಿದರು.

“ಯಾರೋ ಭಾಳ ಪ್ರೀತಿಯಿಂದ ಇಟ್ಕೊಂಡಾರೆ. ಆದ್ರೆ ಅಕ್ಕಾರೆ, ಇದು ಕಲಿಯೋರ ಕತ್ತಿ ಅಲ್ಲ. ತೂಕ ಜಾಸ್ತಿ, ಮೂಗು ಚೂಪು. ಕಿವಿ ಹತ್ರ ತಿರುಗಿಸೋವಾಗ ನಿಮ್ಗೆ ಗೊತ್ತಾಗೋದ್ರಾಗೆ ಚುಚ್ಚಿರ್ತೈತೆ.”

ತಮ್ಮ ಪೆಟ್ಟಿಗೆಯಿಂದ ಮೂರು ಹಳೆಯ ಕತ್ತಿ ತೆಗೆದು ಸಾಲಾಗಿ ಇಟ್ಟರು. ನಾನು ಥಟ್ಟನೆ ಕೈ ಹಾಕಿದ್ದು ಅಗಲವಾದ, ಕೊಂಬಿನ ಹಿಡಿಯಿದ್ದ ಹೊಳೆಯುವ ಕತ್ತಿಗೆ. ಸಾಬರು ನಕ್ಕರು. “ಸೀರೆ ಆರಿಸ್ದಂಗೆ ಆರಿಸ್ತೀರಲ್ರಿ!” ಒಂದು ಗಾಜಿನ ತುಂಡಿನ ಮೇಲೆ ಅದನ್ನು ಮಲಗಿಸಿ ತುದಿಯನ್ನು ಬೆರಳಿನಿಂದ ಒತ್ತಿದರು. ಟಿಕ್ ಟಿಕ್ ಎಂದು ಅಲುಗಾಡಿತು. ಅಲಗು ಸೊಟ್ಟಗಿತ್ತು. ಎರಡನೆಯದಕ್ಕೆ ಬಾಯಂಚಿನಲ್ಲೇ ತುಕ್ಕಿನ ಗುಳಿಗಳಿದ್ದವು. ಮೂರನೆಯದು ಮಂಕು ಬಣ್ಣದ, ನೋಡಿದರೆ ಬೇಡವೆನಿಸುವ ಸಣ್ಣ ಕತ್ತಿ. ಗಾಜಿನ ಮೇಲೆ ಅಲುಗಾಡದೆ ಕೂತಿತು. ಮೂಗು ಮಗುವಿನ ಹೆಬ್ಬೆರಳಿನ ಹಾಗೆ ಗುಂಡಗಿತ್ತು. ಆ ಹೊಳೆಯುವುದನ್ನೇ ನನ್ನ ಕೈಗಿಟ್ಟು ಕಳಿಸಿದ್ದರೂ ನಾನು ಸಂತೋಷವಾಗಿ ಹೋಗುತ್ತಿದ್ದೆ. ಅವರು ಕಳಿಸಲಿಲ್ಲ. ಆ ಮನುಷ್ಯನ ಮೇಲೆ ನನಗಿರುವ ಗೌರವಕ್ಕೆ ಇದೊಂದೇ ಸಾಕು.

ಮನೆಗೆ ಬಂದವಳು ಮಾಡಿದ ಮೊದಲ ಕೆಲಸ ಹೇಳಿದರೆ ನಗುತ್ತೀರಿ. ಹೊಲಿಗೆಯವರಿಗೆ ಯಾವ ಅಲಗು ಕೈಗೆ ಬಂದರೂ ಚಿಂದಿಯೊಂದನ್ನು ಕತ್ತರಿಸಿ ನೋಡದಿದ್ದರೆ ಸಮಾಧಾನವಿಲ್ಲ. ಪಾಲಿಸ್ಟರ್ ಚಿಂದಿಯ ಮೇಲೆ ಸರ್ರನೆ ಎಳೆದೆ. ಬೆಣ್ಣೆಯಂತೆ ಹೋಯಿತು. ಖುಷಿಯಾಗಿ ಇನ್ನೂ ನಾಲ್ಕು ಸಲ ಎಳೆದೆ. ಆ ಸಂಜೆ ಕಲಿಕೆಗೆಂದು ಕೆನ್ನೆ ಕೊಟ್ಟ ನನ್ನ ಗಂಡ ಮೊದಲ ಎಳೆತಕ್ಕೇ ಕುರ್ಚಿಯಿಂದ ಎದ್ದು ನಿಂತರು. ಮರುದಿನ ಕತ್ತಿ ಹಿಡಿದು ಮತ್ತೆ ಸಾಬರ ಹತ್ತಿರ ಹೋದೆ.

“ಅಲಗು ಮೊಂಡಾಗೈತೆ. ಬಟ್ಟೆ ಕತ್ತರಿಸಿದ್ರೇನು?” ಅಲಗನ್ನು ಬೆಳಕಿಗೆ ಹಿಡಿದೊಡನೆ ಕೇಳಿದರು.

ಹೌದೆಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಕಲ್ಲಿಗೆ ನೀರು ಹನಿಸಿ ಮತ್ತೆ ಹದ ಮಾಡಿ, ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಬೆನ್ನು ಮುಂದಾಗಿ ಸವರುವುದನ್ನು ಕಲಿಸಿದರು. “ಒತ್ತಬ್ಯಾಡ್ರಿ. ನಿಮ್ಮ ಕೆಲ್ಸ ಚರ್ಮ ಎಳೆದು ಹಿಡಿಯೋದು ಅಷ್ಟೆ. ಮಿಕ್ಕಿದ್ದು ಕತ್ತಿ ನೋಡ್ಕೊಂತೈತೆ.” ಎರಡು ವಾರ ನನ್ನ ಗಂಡ ಮುಖದ ಗಾಯಗಳ ಮೇಲೆ ಪೇಪರ್ ಚೂರು ಅಂಟಿಸಿಕೊಂಡು ಆಫೀಸಿಗೆ ಹೋದರು. ಕೇಳಿದವರಿಗೆ ಏನು ಹೇಳಿದರೋ, ನನ್ನ ಹೆಸರಂತೂ ಹೇಳಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅವರ ಮೇಲೆ ಹೊಸದಾಗಿ ಪ್ರೀತಿ ಬಂತು.

ಕೊನೆಗೊಂದು ಬೆಳಿಗ್ಗೆ ಬಿಸಿನೀರು, ಸೋಪು, ಕತ್ತಿ ಹಿಡಿದು ಅಪ್ಪನ ಮಂಚದ ಪಕ್ಕ ನಿಂತೆ. ಅಪ್ಪ ಕತ್ತಿ ನೋಡಿದ, ನನ್ನನ್ನು ನೋಡಿದ. “ನಿಂಗೆ ಬರ್ತೈತಾ?”

“ಕಲ್ತೀನಪ್ಪ.”

ಕತ್ತಿಯನ್ನು ಎಡಗೈಗೆ ಇಸಿದುಕೊಂಡು ಗುಂಡು ಮೂಗನ್ನು ಹೆಬ್ಬೆರಳಿನಿಂದ ಸವರಿದ. “ಆರಿಸಿಕೊಟ್ಟೋರು ಯಾರೋ ತಿಳಿದೋರು” ಎಂದು ವಾಪಸ್ ಕೊಟ್ಟು ಕಣ್ಣು ಬಿಗಿಯಾಗಿ ಮುಚ್ಚಿದ. ಸರಿಯಿದ್ದ ಕೆನ್ನೆ ಬೇಗ ಮುಗಿಯಿತು. ಇಳಿದ ಕೆನ್ನೆಯಲ್ಲಿ ಚರ್ಮ ಬೆರಳಿಗೆ ಸಿಕ್ಕದೆ ಜಾರುತ್ತಿತ್ತು. ಅಪ್ಪ ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿದ್ದ, ಕುತ್ತಿಗೆಯ ನರಗಳು ಸೆಟೆದಿದ್ದವು. ಜೊಲ್ಲು ಬಂದಾಗ ಒರೆಸಿದೆ. ಮುಗಿದ ಮೇಲೆ ಗಲ್ಲವನ್ನೆಲ್ಲ ತಡವಿ ನೋಡಿ, “ಕಿವಿ ಹತ್ರ ಒಂದೀಟು ಉಳಿದೈತೆ” ಎಂದ. ಅದನ್ನೂ ತೆಗೆದೆ. ಆಮೇಲೆ ತಾನಾಗಿಯೇ, ಕುರ್ಚಿಯನ್ನು ಬಾಗಿಲ ಹೊರಗೆ ಹಾಕು ಎಂದ. ರಸ್ತೆಯಲ್ಲಿ ಹೋಗುವವರನ್ನು ಯಾವ ಊರು, ಎಲ್ಲಿಗೆ ಹೊರಟಿರಿ ಎಂದು ತೊದಲುತ್ತಲೇ ವಿಚಾರಿಸತೊಡಗಿದ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಇಷ್ಟನ್ನೂ ನಿನ್ನೆ ಬ್ಯಾಂಕಿನವರಿಗೆ ಹೇಳಲಿಲ್ಲ. ಆ ಹುಲಿಯನ್ನು ಡಬ್ಬಿಯೊಳಗೇ ಇಟ್ಟುಕೊಂಡು ರಹೀಂಸಾಬರ ಹತ್ತಿರ ಹೋಗಿ ಎಂದಷ್ಟೇ ಹೇಳಿದೆ.

ಇವತ್ತು ಬೆಳಿಗ್ಗೆ ಎಂದಿನಂತೆ ಅಪ್ಪನ ಮುಖಕ್ಕೆ ನೊರೆ ಹಚ್ಚಿದೆ. ಎರಡು ಕೆನ್ನೆ ಮುಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಗಂಟಲ ಮೇಲೆ ಕತ್ತಿಯಿಟ್ಟೆ. ತಲೆ ನನ್ನ ಎಡ ಅಂಗೈಯಲ್ಲಿ ಮೆಲ್ಲಗೆ ಭಾರವಾಗುತ್ತಾ ಬಂತು. ಏನಾಯಿತೋ ಎಂದು ಕತ್ತಿ ಎತ್ತಿಕೊಂಡು ಬಗ್ಗಿ ನೋಡಿದೆ. ಸಣ್ಣಗೆ ಗೊರಕೆ ಕೇಳಿಸಿತು. ಅಪ್ಪ ನಿದ್ದೆ ಹೋಗಿದ್ದ.