ಅಂಗೈ ಮೇಲಿನ ಭತ್ತದ ಕಾಳು

ಆ ಚಳಿಗಾಲದಲ್ಲಿ ಕಾಳಿ ನದಿಯ ನೀರು ಎಷ್ಟು ತಣ್ಣಗಿತ್ತು ಎಂದು ಕೇಳಿದರೆ ನಾನು ಹೇಳಲಾರೆ. ವಿಜ್ಞಾನ ಓದಿದವನಾದರೂ ಒಂದು ದಿನವೂ ಅಳೆದು ನೋಡಲಿಲ್ಲ. ನೆನಪಿರುವುದು ಹಲ್ಲುಗಳು. ಬಾಯಲ್ಲಿ ಕಚ್ಚಿಕೊಂಡ ರಬ್ಬರ್ ನಳಿಗೆಯ ಮೇಲೆ ಅವು ತಾವಾಗಿಯೇ ಕಟಕಟ ಬಡಿದುಕೊಳ್ಳುತ್ತಿದ್ದವು. ನಿಲ್ಲಿಸಬೇಕೆಂದರೂ ನಿಲ್ಲುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಎಲ್ಲಿಯೂ ಮೂರು ತಿಂಗಳು ನಿಲ್ಲದೆ, ಕೊನೆಗೆ ದಾಂಡೇಲಿಯ ಒಬ್ಬ ಕಟ್ಟಿಗೆ ಗುತ್ತಿಗೆದಾರರ ಬಳಿ ದಿಮ್ಮಿಗಳ ಅಳತೆ ಬರೆಯಲು ಸೇರಿದ್ದೆ. ನಮ್ಮೂರು ಮಳಗಿಯಲ್ಲಿದ್ದ ಅಪ್ಪನಿಗೆ ಮಗ ಆಫೀಸಿನಲ್ಲಿದ್ದಾನೆ ಎಂದು ಬರೆದಿದ್ದೆ. ಆಫೀಸೆಂದರೆ ಹೊಳೆದಂಡೆಯ ಒಂದು ತಗಡಿನ ಚಪ್ಪರ.

ಹೊಳೆಯಲ್ಲಿ ತೇಲಿಬಿಟ್ಟ ದಿಮ್ಮಿಗಳಲ್ಲಿ ಭಾರದವು ಮುಳುಗಿ ತಳ ಸೇರುತ್ತಿದ್ದವು. ಅವನ್ನು ಮೇಲೆತ್ತುವುದೇ ಗುತ್ತಿಗೆ. ಒಬ್ಬರು ಕೆಳಗಿಳಿದು ದಿಮ್ಮಿಗೆ ಸರಪಳಿ ಸುತ್ತಬೇಕು, ದಂಡೆಯ ಮೇಲಿನ ರಾಟೆ ಅದನ್ನು ಎಳೆಯಬೇಕು. ಇಳಿದವರಿಗೆ ಉಸಿರು ಬರುವುದು ಉದ್ದನೆಯ ರಬ್ಬರ್ ನಳಿಗೆಯಿಂದ. ತೆಪ್ಪದ ಮೇಲೆ ಕೂತ ಆಳೊಬ್ಬ ಕೈಪಂಪು ತಿರುಗಿಸುತ್ತ ಅದಕ್ಕೆ ಗಾಳಿ ತುಂಬುತ್ತಿದ್ದ. ಇಳಿಯುತ್ತಿದ್ದವರು ಹಳಿಯಾಳದ ಒಬ್ಬ ಮುದುಕರು. ಎಲ್ಲರಿಗೂ ಅವರು ಚಾಚಾ, ನನಗೂ ಚಾಚಾ.

ಅಳತೆ ಬರೆಯುವುದು ಎಂಟು ದಿನಕ್ಕೇ ಬೇಸರವಾಗಿ, ನನಗೂ ಮುಳುಗುವುದನ್ನು ಕಲಿಸಿ ಎಂದೆ.

“ಯಾಕ್ರಿ ಬಿ.ಎಸ್ಸಿ. ಸಾಹೇಬ್ರ, ಕಾಲೇಜಿನ್ಯಾಗ ಮುಳುಗಿದ್ದು ಸಾಲಲಿಲ್ಲೇನು?” ಎಂದು ನಕ್ಕರು. ಮರುದಿನವೇ ಕಲಿಸತೊಡಗಿದರು.

ಮೊದಲ ಸಲ ಇಳಿದ ಮಾರನೆಯ ಬೆಳಿಗ್ಗೆ ಅಂಗಿ ತೊಡಲು ತೋಳು ಮೇಲೇಳಲಿಲ್ಲ. ಸೊಂಟಕ್ಕೆ ಸೀಸದ ಪಟ್ಟಿ ಕಟ್ಟಿಕೊಂಡು, ಹರಿವಿಗೆ ಎದುರಾಗಿ ನಿಂತು, ಸರಪಳಿ ಎಳೆದಾಡಿದ ಮೈ ಅದು. ಹೆಗಲಿನಿಂದ ಮೀನಖಂಡದವರೆಗೆ ಒಂದೊಂದು ನರವೂ ತಾನಿದ್ದೇನೆ ಎನ್ನುತ್ತಿತ್ತು. ಚಾಚಾನ ಹೆಂಡತಿ, ನಮ್ಮೆಲ್ಲರ ಚಾಚಿ, ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತಂದರು.

“ಹೆಗಲಿಗೆ ಒತ್ತಿಕೋ ಬೇಟಾ. ನೋಡ್ರಿ ಇವನ್ನ, ನೀರಿಗೆ ಬಿದ್ದ ಹಪ್ಪಳ ಆಗ್ಯಾನ.”

“ಹಪ್ಪಳ ಒಣಗಿದ್ರ ಮತ್ತ ಗಟ್ಟಿ ಆಗ್ತದ ಬಿಡು,” ಎಂದರು ಚಾಚಾ.

ಇಳಿಯುವ ಮೊದಲು ಅವರು ಮೈಗೆಲ್ಲ ಎಳ್ಳೆಣ್ಣೆ ತಿಕ್ಕಿ, ಮೇಲೆ ಉಣ್ಣೆಯ ಬನಿಯನ್ ತೊಡಿಸುತ್ತಿದ್ದರು. ಎಣ್ಣೆ ಚಳಿಯನ್ನು ತಡೆಯುವುದಿಲ್ಲ ಎಂದು ನಾನು ವಾದಿಸುತ್ತಿದ್ದೆ. “ತಡೀದಿದ್ರ ಬಿಡು. ಹುಟ್ಟಿದಾಗಿಂದ ಎಣ್ಣಿ ಕಂಡಿಲ್ಲ ನಿನ್ನ ಮೈ, ಅದಕ್ಕರ ಕಾಣಲಿ,” ಎನ್ನುತ್ತಿದ್ದರು. ಮೇಲೆ ಬಂದೊಡನೆ ಬೆಂಕಿಯ ಹತ್ತಿರ ಓಡುವಂತಿಲ್ಲ. ಒದ್ದೆ ಬಿಚ್ಚಿ, ಕಂಬಳಿ ಸುತ್ತಿ, ಬೆಲ್ಲ ಶುಂಠಿಯ ಕಷಾಯ ಕುಡಿದು ಸುಮ್ಮನೆ ಕೂರಬೇಕು.

ಕೂತಾದ ಮೇಲೆ ಒಂದು ಪರೀಕ್ಷೆ. ನಾವಿಬ್ಬರೂ ಸರದಿಯಲ್ಲಿ ಇಳಿಯುತ್ತಿದ್ದುದರಿಂದ, ಮೇಲೆ ಬಂದವನೇ ಇಳಿದವನ ಸೊಂಟದ ಹಗ್ಗ ಹಿಡಿಯಬೇಕಿತ್ತು. ಹಗ್ಗ ಒಮ್ಮೆ ಎಳೆದರೆ ಸಡಿಲ ಬಿಡಬೇಕು. ಮೂರು ಸಲ ಎಳೆದರೆ ಏನೋ ಆಗಿದೆ, ಎತ್ತಬೇಕು. ಆದರೆ ಮರಗಟ್ಟಿದ ಕೈಗೆ ಹಗ್ಗದ ಮಾತು ಕೇಳುವುದಿಲ್ಲ. ಚಾಚಾನ ಬಳಿ ಒಂದು ತಗಡಿನ ಡಬ್ಬಿ, ಅದರಲ್ಲಿ ಭತ್ತ. ಕಣ್ಣು ಮುಚ್ಚಿಸಿ ನನ್ನ ಅಂಗೈ ಮೇಲೆ ಒಂದಿಷ್ಟು ಕಾಳು ಇಡುತ್ತಿದ್ದರು. ಎಷ್ಟಿವೆ ಎಂದು ಬೆರಳಿನಿಂದ ಎಣಿಸಿ ಹೇಳಿದರೆ ಮಾತ್ರ ಹಗ್ಗ ಕೈಗೆ.

“ಗೊತ್ತಾಗವಲ್ದು ಚಾಚಾ,” ಎಂದರೆ ಬೈಯುತ್ತಿರಲಿಲ್ಲ. “ಹಂಗಾರ ಇನ್ನೊಂದಿಷ್ಟು ಕೂಡು,” ಎಂದು ಬೀಡಿ ಹೊತ್ತಿಸುತ್ತಿದ್ದರು. ಅವರೂ ಮೇಲೆ ಬಂದಾಗ ಡಬ್ಬಿಯನ್ನು ನನಗೆ ಕೊಟ್ಟು ಕೈ ಒಡ್ಡುತ್ತಿದ್ದರು. ಅವರು ಕಾಳು ಇಡುವಾಗ ಬಿಸ್ಮಿಲ್ಲಾ ಅನ್ನುತ್ತಿದ್ದುದರಿಂದ ಇದನ್ನು ಮಂತ್ರತಂತ್ರದ ಲೆಕ್ಕಕ್ಕೆ ಸೇರಿಸಿ ನಾನು ಒಳಗೊಳಗೇ ನಗುತ್ತಿದ್ದೆ. ನನ್ನ ಇಡೀ ಪದವಿಯಲ್ಲಿ ಅದಕ್ಕಿಂತ ನೇರವಾದ ಪ್ರಯೋಗವನ್ನು ಕಂಡಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಆ ಬೆಳಿಗ್ಗೆ ಮಂಜಿತ್ತು. ಇತ್ತೆಂದು ನನ್ನ ನೆನಪು. ಪಂಪಿನವನು ಬಿಸಿಲಿತ್ತು ಎನ್ನುತ್ತಾನೆ. ದೊಡ್ಡದೊಂದು ಮತ್ತಿ ಮರದ ದಿಮ್ಮಿಗೆ ನಾನು ಸರಪಳಿ ಸುತ್ತಿ ಆಗಷ್ಟೇ ಮೇಲೆ ಬಂದಿದ್ದೆ. ರಾಟೆ ಎಳೆದಾಗ ಅದು ಜಾರಿತು. ನಾನು ಸುತ್ತಿದ್ದೇ ಸಡಿಲವಾಗಿತ್ತು. ದಂಡೆಯ ಮೇಲೆ ಗುತ್ತಿಗೆದಾರರು ಲಾರಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಅದನ್ನು ಮತ್ತೆ ಬಿಗಿಯಲು ಚಾಚಾ ಇಳಿಯಲು ಸಿದ್ಧರಾಗಿ ನನ್ನ ಅಂಗೈ ಹಿಡಿದು ಕಾಳು ಇಟ್ಟರು.

ನನಗೆ ಏನೂ ತಿಳಿಯಲಿಲ್ಲ. ಕೈ ನನ್ನದೇ ಅಲ್ಲ ಎನ್ನುವಂತಿತ್ತು. ಇನ್ನೊಮ್ಮೆ ಕೂರಿಸಿದರೆ ಗುತ್ತಿಗೆದಾರರ ಎದುರು ನಾಚಿಕೆ. ರೆಪ್ಪೆಯ ಸಂದಿನಿಂದ ನೋಡಿದೆ.

“ನಾಲ್ಕು.”

“ಶಾಬಾಸ್,” ಎಂದು ಬೆನ್ನು ತಟ್ಟಿ, ಹಗ್ಗ ಕೊಟ್ಟು, ಇಳಿದರು.

ಇದರಾಚೆಗೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಹಗ್ಗ ಎರಡು ಕೈಯಲ್ಲೂ ಇತ್ತು. ನನ್ನ ಗಮನವೆಲ್ಲ ಬಲ ಹೆಗಲಿನ ನೋವಿನ ಮೇಲಿತ್ತು. ಚಾಚಿ ಮತ್ತೆ ಉಪ್ಪು ಹುರಿದಾರೆಯೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪಂಪಿನವನು ಕೂಗಿದ.

“ಹ್ಯಾಂಡಲ್ ಭಾರ ಆಗೇದ! ನಳಿಗಿ ಒತ್ತೇದ! ಎಳೀರಿ, ರಾಟಿ ಎಳೀರಿ!”

ದಿಮ್ಮಿ ಉರುಳಿ ನಳಿಗೆಯ ಮೇಲೂ ಚಾಚಾನ ಬಲಗೈ ಮೇಲೂ ಕೂತಿತ್ತು. ಸರಪಳಿ ಅರ್ಧ ಬಿಗಿದಿದ್ದರಿಂದ ರಾಟೆ ಎಳೆದಾಗ ಅದು ಒಂದಿಷ್ಟು ಎದ್ದಿತು. ಅವರನ್ನು ಮೇಲೆ ತಂದಾಗ ತುಟಿ ನೇರಳೆಯಾಗಿತ್ತು. ಉಸಿರಿತ್ತು.

ಗುತ್ತಿಗೆದಾರರು ನನ್ನ ಕಡೆ ತಿರುಗಿದರು. “ಏ, ಹಗ್ಗ ಹಿಡದು ಏನ್ ಮಾಡಾಕ್ಹತ್ತಿದ್ದಿ? ಎಳೀಲಿಲ್ಲೇನ್ ಅಂವ?”

ನಾನು ಬಾಯಿ ತೆರೆಯುವ ಮೊದಲೇ, ಕಂಬಳಿಯಲ್ಲಿ ಸುತ್ತಿದ್ದ ಚಾಚಾ ಹೇಳಿದರು: “ನಾನ ಎಳೀಲಿಲ್ರಿ. ಎಳ್ಯಾಕ ಕೈ ಸಿಗಲಿಲ್ಲ. ಹುಡುಗಂದೇನೂ ತಪ್ಪಿಲ್ಲ.”

ಅವರ ಎಡಗೈ ಬಿಡುವಾಗಿತ್ತು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಬಲಗೈ ಬೆರಳುಗಳಿಗೆ ಮತ್ತೆ ಸ್ಪರ್ಶ ಬರಲಿಲ್ಲ. ಅವರು ಹಳಿಯಾಳಕ್ಕೆ ಮರಳಿದರು. ನಾನು ಆ ವಾರವೇ ಕೆಲಸ ಬಿಟ್ಟು ಮುಂಡಗೋಡದ ಒಂದು ಶಾಲೆಯಲ್ಲಿ ಮಾಸ್ತರನಾದೆ. ಹುಡುಗರಿಗೆ ಉಷ್ಣದ ಪಾಠ ಹೇಳುವಾಗಲೆಲ್ಲ ನನ್ನ ಅಂಗೈ ತೇವವಾಗುತ್ತಿತ್ತು. ಹಗ್ಗ ಅಲುಗಿತ್ತೆ? ಕೆಲವು ದಿನ ಮೂರು ಎಳೆತ ಸ್ಪಷ್ಟವಾಗಿ ನೆನಪಾಗುತ್ತದೆ. ಆದರೆ ಮರಗಟ್ಟಿದ ಕೈ ಅದನ್ನು ಹೇಗೆ ನೆನಪಿಟ್ಟೀತು? ಅದು ನಾನು ಆಮೇಲೆ ಕಟ್ಟಿಕೊಂಡದ್ದೇ ಇರಬೇಕು. ಎಳೆಯಲೇ ಇಲ್ಲ ಎಂಬ ಚಾಚಾನ ಮಾತು ನಿಜವಾಗಿದ್ದರೆ ನಾನು ಬರೀ ಸುಳ್ಳು ಹೇಳಿದವನು. ನಿಜವಲ್ಲದಿದ್ದರೆ?

ಎರಡು ವರ್ಷದ ಮೇಲೆ, ಕೇಳಿಯೇ ಬಿಡಬೇಕೆಂದು ಒಂದು ಮಧ್ಯಾಹ್ನ ಹಳಿಯಾಳಕ್ಕೆ ಹೋದೆ. ಚಾಚಾ ಹೊರಗೆ ಬಿಸಿಲಿಗೆ ಕೂತಿದ್ದರು. “ಬರ್ರಿ ಬಿ.ಎಸ್ಸಿ. ಸಾಹೇಬ್ರ! ಒಣಗಿದ್ರೇನು?” ಎಂದರು. ಅದೇ ನಗು. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಮರೆತು ಹೋದ ವಸ್ತುವಿನಂತೆ ಬಿದ್ದಿತ್ತು.

ಚಾಚಿ ಚಹಾ ತಂದರು. ಮಾತಿಗೆ ಮಾತು ಬಂದು, ನಗುತ್ತಲೇ ದೂರು ಹೇಳಿದರು: “ಇವ್ರ ಸಂಗಡ ಮಲಗೂದಽ ಕಷ್ಟ ನೋಡು ಬೇಟಾ. ನಿದ್ದಿಗಣ್ಣಾಗ ಎಡಗೈಲೆ ನನ್ನ ಹೊದಿಕಿ ಎಳೀತಾರ. ಒಂದು, ಎರಡು, ಮೂರು. ಎಣಿಸಿದಂಗ ಮೂರಽ ಸಲ.”

“ಥಂಡಿ ಆಗ್ತದ, ಎಳಕೋತೀನಿ. ನಿನಗೇನು?” ಎಂದರು ಚಾಚಾ, ತುಸು ಬಿರುಸಾಗಿ. ನನ್ನ ಕಡೆ ನೋಡಲಿಲ್ಲ.

ಕನಸು ಸಾಕ್ಷಿಯಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಕೇಳಲು ಬಂದ ಪ್ರಶ್ನೆ ಕೇಳದೆಯೇ ಚಹಾ ಮುಗಿಸಿದೆ.

ಹೊರಡಲು ಎದ್ದಾಗ ಚಾಚಾ ಎಡಗೈಯಿಂದ ಜೇಬಿನಲ್ಲಿದ್ದ ಅದೇ ತಗಡಿನ ಡಬ್ಬಿ ತೆಗೆದರು. ಮುಚ್ಚಳವನ್ನು ಹಲ್ಲಿನಿಂದ ಬಿಚ್ಚಿದರು. “ಕಣ್ಣ ಮುಚ್ಚು. ಮಾಸ್ತರ್ಗ ಇನ್ನೂ ಎಣಸಾಕ ಬರ್ತದೋ ಇಲ್ಲೋ ನೋಡೂಣು.”

ಈ ಸಲ ಬಿಗಿಯಾಗಿ ಮುಚ್ಚಿದೆ. ಚಹಾದ ಲೋಟ ಹಿಡಿದ ಕೈ ಬೆಚ್ಚಗಿತ್ತು. ಬೆರಳಿಗೆ ಒಂದೊಂದು ಕಾಳಿನ ಒರಟು ಸಿಪ್ಪೆಯೂ ಬೇರೆಬೇರೆಯಾಗಿ ತಿಳಿಯಿತು. ನಾಲ್ಕಿದ್ದವು. ಆ ಬೆಳಿಗ್ಗೆ ಹೇಳಬೇಕಿದ್ದುದನ್ನು ಈಗ ಹೇಳಿದೆ.

“ಗೊತ್ತಾಗವಲ್ದು ಚಾಚಾ,” ಎಂದೆ.

ಕಡ್ಡಿ ಗೀರಿದ ಸದ್ದು ಕೇಳಿತು, ಬೀಡಿಯ ವಾಸನೆ ಬಂತು.

“ಹಂಗಾರ ಇನ್ನೊಂದಿಷ್ಟು ಕೂಡು,” ಎಂದರು.

ಕೂತೆ. ಮುಂಡಗೋಡದ ಬಸ್ಸು ಹೋಗುವುದು ಕೇಳಿಸಿತು. ಕಣ್ಣು ತೆರೆಯುವ ಧೈರ್ಯವಾಗಲಿಲ್ಲ.