ವ್ಯಾನಿಗೆ ಬಿಟ್ಟ ಕೀಲೆಣ್ಣೆ

ಲಗ್ಗೆರೆಯ ಹನುಮಂತರಾಯಪ್ಪ ಬೆಳಿಗ್ಗೆ ಎದ್ದು ಸೂರ್ಯನಿಗೆ ಕೈ ಮುಗಿದ ಮೇಲೆ ಮೊದಲು ಬೈಯುತ್ತಿದ್ದುದು ತನ್ನ ವ್ಯಾನನ್ನು. ಆಮೇಲೆ ಡ್ರೈವರ್ ನಲ್ಲಪ್ಪನನ್ನು. ಅದಾದ ಮೇಲೆ ಪೀಣ್ಯದ ಮೆಕ್ಯಾನಿಕ್‌ಗಳನ್ನೆಲ್ಲ ಒಟ್ಟಿಗೆ. ಹೆಂಡತಿ ಮಾರಕ್ಕನ ಸರದಿ ತಿಂಡಿಯ ಹೊತ್ತಿಗೆ ಬರುತ್ತಿತ್ತು. ವ್ಯಾನು ನಿಲ್ಲುತ್ತಿದ್ದುದು ಬೀದಿಯಲ್ಲೇ ಆದ್ದರಿಂದ ಇದನ್ನೆಲ್ಲ ನಾವು ಎದುರು ಮನೆಯವರು ಬೇಡವೆಂದರೂ ಕೇಳಬೇಕಾಗಿತ್ತು.

ಅವನು ಹುಟ್ಟಾ ಇಂಥವನಲ್ಲ ಎಂದು ಹಳಬರು ಹೇಳುತ್ತಿದ್ದರು. ಹೊಲವಿದ್ದಾಗ ಅವನಿಗೊಂದು ಎತ್ತಿನ ಗಾಡಿಯಿತ್ತು. ಯಶವಂತಪುರದವರೆಗೆ ಹುಲ್ಲು, ಇಟ್ಟಿಗೆ ಹೇರಿಕೊಂಡು ಹೋಗುತ್ತಿದ್ದ. ಅವನ ಗಾಡಿಯ ಚಕ್ರ ಕಿರುಗುಟ್ಟಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲವಂತೆ. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಕೀಲೆಣ್ಣೆ ಮಾಡುವುದರಲ್ಲಿ ಅವನ ಕೈಯನ್ನು ಎಲ್ಲರೂ ಹೊಗಳುತ್ತಿದ್ದರು. ಆಮೇಲೆ ಹೊಲ ಕಾರ್ಖಾನೆಗಳ ಪಾಲಾಯಿತು. ಮೇಯಲು ಜಾಗವಿಲ್ಲದ ಎತ್ತುಗಳನ್ನು ಮಾರಿದ. ಪರಿಹಾರದ ಹಣದಲ್ಲಿ ತಮ್ಮ ಗೋಪಾಲಪ್ಪ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟ. ಹನುಮಂತರಾಯಪ್ಪ ಯಾರದೋ ಕೈಯಿಂದ ಉದ್ದನೆಯ ಹಳೆಯ ಡೀಸೆಲ್ ವ್ಯಾನು ತಂದು ಬೀದಿಯಲ್ಲಿ ನಿಲ್ಲಿಸಿದ.

"ನನ್ನಂಗೆ ಮನೆ ಕಟ್ಟಿದ್ರೆ ಕೂತ್ಕಂಡು ತಿನ್ನಬೌದಿತ್ತಲ್ಲಣ್ಣ" ಎಂದು ಗೋಪಾಲಪ್ಪ ಕೆಣಕಿದ.

"ಕೂತಲ್ಲೇ ತಿನ್ನಾಕೆ ನಾನೇನು ನಿನ್ನಂಗೆ ಎಮ್ಮೆನೇನ್ಲಾ" ಎಂದ ಹನುಮಂತರಾಯಪ್ಪ. ಅಣ್ಣ ತಮ್ಮಂದಿರ ನಡುವೆ ಅಂದಿನಿಂದ ಮಾತು ಕಡಿಮೆ, ಗುರುಗುಟ್ಟುವುದು ಹೆಚ್ಚು.

ತುಮಕೂರಿನ ಕಡೆಯಿಂದ ಬೆಳಗಿನ ರೈಲಿನಲ್ಲಿ ಬಂದು ಚಿಕ್ಕಬಾಣಾವರದಲ್ಲಿ ಇಳಿಯುವ ಕೆಲಸಗಾರರನ್ನು ಪೀಣ್ಯದ ಒಂದು ಕಾರ್ಖಾನೆಗೆ ತಲುಪಿಸುವುದು, ಸಂಜೆ ಮತ್ತೆ ಸ್ಟೇಷನ್ನಿಗೆ ಬಿಡುವುದು, ಇದು ಆ ವ್ಯಾನಿಗೆ ಸಿಕ್ಕ ಕೆಲಸ. ಹನುಮಂತರಾಯಪ್ಪನಿಗೆ ಬೇರೆ ಜೀವನವಿರಲಿಲ್ಲ. ಜೀವನಕ್ಕಿಂತ ಹೆಚ್ಚಾಗಿ ಅದರಲ್ಲಿ ಅವನ ಮಾನವಿತ್ತು. ಗಾಡಿ ಹೊಡೆಯುವವನು ಗಾಡಿಯಲ್ಲೇ ಬದುಕಬಲ್ಲ ಎಂದು ತಮ್ಮನಿಗೆ, ಊರಿಗೆ ತೋರಿಸಬೇಕಿತ್ತು.

ವ್ಯಾನು ಅವನಿಗೆ ಸಹಕರಿಸಲಿಲ್ಲ. ಚಳಿಗಾಲದಲ್ಲಿ ಸ್ಟಾರ್ಟ್ ಆಗುತ್ತಿರಲಿಲ್ಲ. ಬೀದಿಯವರೇ ತಳ್ಳಬೇಕು, ತಳ್ಳಿದವರಿಗೂ ಬೈಗುಳ. ಹೊಂಡದ ರಸ್ತೆಯಲ್ಲಿ ಭಾರ ಹೊರುವ ಸ್ಪ್ರಿಂಗಿನ ಪಟ್ಟೆ ಮುರಿಯುತ್ತಿತ್ತು. ಗ್ಯಾರೇಜಿಗೆ ಕಳಿಸಿದರೆ ಒಂದು ರಿಪೇರಿಯಾಗಿ ಇನ್ನೆರಡು ಹುಟ್ಟಿಕೊಳ್ಳುತ್ತಿದ್ದವು. ಒಬ್ಬ ಮೆಕ್ಯಾನಿಕ್ ಒಳ್ಳೆಯ ಸಾಮಾನು ಬಿಚ್ಚಿಕೊಂಡು ಹಳೆಯದು ಹಾಕಿದನೆಂದು ಇವನು ಗ್ಯಾರೇಜಿನ ಮುಂದೆಯೇ ಮಣ್ಣು ತೂರಿ ಬಂದ. ಆಮೇಲೆ ಪೀಣ್ಯದ ಯಾವ ಗ್ಯಾರೇಜಿಗೂ ಹೋಗುವುದಿಲ್ಲವೆಂದು ಹಟ ಹಿಡಿದ. ಆ ಹೊತ್ತಿಗೆ ಸರಿಯಾಗಿ ರೇಡಿಯೇಟರ್ ಸೋರಿತು. ಇವನು ಅದಕ್ಕೆ ಒಂದು ಹಿಡಿ ಅರಿಶಿನ ಸುರಿದ. ಸೋರುವುದು ನಿಂತಿತು. ನಿಲ್ಲದಿದ್ದರೆ ಚೆನ್ನಾಗಿತ್ತು. ನಿಂತದ್ದರಿಂದ ತನ್ನ ಮದ್ದೇ ದೊಡ್ಡದು ಎಂಬ ನಂಬಿಕೆ ಅವನಲ್ಲಿ ಬೇರೂರಿತು.

ನಲ್ಲಪ್ಪ ಮೃದು ಮನುಷ್ಯ, ಆದರೆ ಬೈಗುಳ ತಿಂದೂ ತಿಂದೂ ಒಳಗೇ ಕುದಿಯುತ್ತಿದ್ದ. ಎರಡು ಸಲ ವ್ಯಾನು ನಡುದಾರಿಯಲ್ಲಿ ಕೆಟ್ಟು ಕೆಲಸಗಾರರು ತಡವಾಗಿ ಹೋದಾಗ ಕಾರ್ಖಾನೆಯ ಸಾಹೇಬರು ಹನುಮಂತರಾಯಪ್ಪನನ್ನು ಕರೆಸಿ, "ಇನ್ನೊಂದು ಸಲ ನಮ್ಮ ಜನ ರಸ್ತೆಯಲ್ಲಿ ನಿಂತರೆ ಬೇರೆ ವ್ಯಾನು ನೋಡ್ಕೋತೀವಿ" ಎಂದು ಹೇಳಿದರು. ಅವನು ಮನೆಗೆ ಬಂದು ಆ ಸಿಟ್ಟನ್ನು ನಲ್ಲಪ್ಪನ ಮೇಲೆ ತೀರಿಸಿಕೊಂಡ.

ಅದಾಗಿ ಸ್ವಲ್ಪ ದಿನಕ್ಕೆ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನ ಚಕ್ರಗಳು ಕೀಚಲು ದನಿಯಲ್ಲಿ ಕೂಗತೊಡಗಿದವು.

"ಲೈನಿಂಗ್ ಸವೆದೋಗೈತೆ ಅಣ್ಣ. ಚಕ್ರ ಇಡಿದು ನಿಲ್ಸೋದೇ ಅದು. ಒಸದು ಆಕುಸ್ಬೇಕು" ಎಂದ ನಲ್ಲಪ್ಪ.

"ಯಾವ ಗ್ಯಾರೇಜ್ನೋನು ಏಳ್ಕೊಟ್ಟ ನಿಂಗೆ? ನಿಂಗೆಷ್ಟು ಪಾಲು ಅದ್ರಾಗೆ?"

"ಪಾಲೂ ಇಲ್ಲ ಗೀಲೂ ಇಲ್ಲ. ಕಿವಿ ಐತಲ್ಲ ನಿಂಗೆ, ಕೇಳುಸ್ತಾ ಇಲ್ವಾ?"

"ಕೇಳುಸ್ತಾ ಐತೆ. ಒಣಗಿದ ಚಕ್ರ ಕೂಗ್ತದೆ. ಅಷ್ಟೂ ತಿಳೀದೆ ಸ್ಟೇರಿಂಗ್ ಇಡ್ಕಂಡಿದೀಯ."

ಭಾನುವಾರ ಕಾರ್ಖಾನೆಗೆ ರಜೆ, ನಲ್ಲಪ್ಪನೂ ಬರಲಿಲ್ಲ. ಹನುಮಂತರಾಯಪ್ಪ ಹಿಂದಿನ ಚಕ್ರಗಳನ್ನು ಒಂದೊಂದಾಗಿ ಎತ್ತಿ ಬಿಚ್ಚಿ ಪಕ್ಕಕ್ಕಿಟ್ಟ. ಚಕ್ರದ ಹಿಂದಿರುವ ಕಬ್ಬಿಣದ ಡ್ರಮ್ಮಿನಲ್ಲಿ ಒಂದು ಸಣ್ಣ ತೂತು ಕಂಡಿತು. ಎಣ್ಣೆ ಬಿಡುವುದಕ್ಕೆಂದೇ ಇಟ್ಟ ತೂತು ಅದು ಎಂದು ಅವನಿಗೆ ಅನ್ನಿಸಿತು. ಮಾರಕ್ಕನಿಂದ ಹರಳೆಣ್ಣೆ ತರಿಸಿ, ಮಸಿ ಕಲಸಿ, ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲಿ ತುಂಬಿಕೊಂಡು ಆ ತೂತಿನೊಳಕ್ಕೆ ಬಿಟ್ಟ. ಡ್ರಮ್ಮನ್ನು ಕೈಯಿಂದ ತಿರುಗಿಸಿ ಇನ್ನಷ್ಟು ಬಿಟ್ಟ. ಎರಡೂ ಕಡೆ ಹೀಗೇ ಮಾಡಿದ. ಕೆಲಸ ಮಾಡುವಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ಎಣ್ಣೆ ಒತ್ತುವವರ ಹಾಗೆ ಕೂತಿದ್ದ. ಆಮೇಲೆ ಚಕ್ರ ಜೋಡಿಸಿ ವ್ಯಾನನ್ನು ಬೀದಿಯಲ್ಲಿ ನಾಲ್ಕು ಮಾರು ಓಡಿಸಿ ನಿಲ್ಲಿಸಿ ನೋಡಿದ. ಕೂಗು ಇಲ್ಲ.

"ಕೇಳು, ಉಸುರಿಲ್ಲ" ಎಂದು ಮಾರಕ್ಕನಿಗೆ ಹೇಳಿದ. "ಆ ಗ್ಯಾರೇಜ್ನೋರ ಬಾಯಿಗೆ ಮಣ್ಣು ಆಕ್ದೆ."

ಮಾರನೆಯ ಬೆಳಿಗ್ಗೆ ನಲ್ಲಪ್ಪ ಖಾಲಿ ವ್ಯಾನು ತೆಗೆದುಕೊಂಡು ಚಿಕ್ಕಬಾಣಾವರಕ್ಕೆ ಹೋದ. ಬ್ರೇಕ್ ಸ್ವಲ್ಪ ಸಡಿಲವೆನ್ನಿಸಿತಂತೆ, ಆದರೆ ತಿರುಗಿ ಹೋಗಿ ಹೇಳಿದರೆ ಸಿಗುವ ಮಾತು ಅವನಿಗೆ ಗೊತ್ತಿತ್ತು. ವ್ಯಾನು ತುಂಬ ಜನ ಹತ್ತಿದರು. ಕೆರೆ ಏರಿಯಿಂದ ಇಳಿಯುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ವ್ಯಾನು ನಿಲ್ಲಲಿಲ್ಲ. ಎದುರಿಗೆ ದನಗಳು, ಅವುಗಳ ಹಿಂದೆ ಒಬ್ಬ ಮುದುಕಿ. ನಲ್ಲಪ್ಪ ರಸ್ತೆ ಬಿಟ್ಟು ವ್ಯಾನನ್ನು ರಾಗಿ ಹೊಲಕ್ಕೆ ಇಳಿಸಿದ. ಬದುವಿಗೆ ಗುದ್ದಿ ಅದು ನಿಂತಿತು. ದೇವರ ದಯೆ, ಜೀವ ಹೋಗಲಿಲ್ಲ. ಆಂಜಿನಪ್ಪನೆಂಬ ಕೆಲಸಗಾರನ ಮುಂಗೈ ಮುರಿಯಿತು. ಮಿಕ್ಕವರು ಬಯ್ಯುತ್ತಾ ನಡೆದುಕೊಂಡೇ ಕಾರ್ಖಾನೆಗೆ ಹೋದರು.

ಮಧ್ಯಾಹ್ನ ಸಾಹೇಬರು ಹನುಮಂತರಾಯಪ್ಪನನ್ನು ಮತ್ತೆ ಕರೆಸಿದರು. ಅವರು ಕೂಗಾಡಲಿಲ್ಲವಂತೆ. ತಪ್ಪು ಡ್ರೈವರನದಾದರೆ ಅವನನ್ನು ತೆಗೆದು ಬೇರೆಯವನನ್ನು ತನ್ನಿ, ತಪ್ಪು ವ್ಯಾನು ಇಟ್ಟುಕೊಂಡ ರೀತಿಯದಾದರೆ ನಮ್ಮ ಜನರನ್ನು ಅದರಲ್ಲಿ ಕೂರಿಸುವುದಿಲ್ಲ, ನಾಳೆ ಬಂದು ಹೇಳಿ ಎಂದರು.

ಇಷ್ಟು ಸಾಕಾಯಿತು. ಸಂಜೆ ಅವನು ಬೀದಿಯಲ್ಲಿ ನಿಂತು ನಲ್ಲಪ್ಪನೇ ವ್ಯಾನು ಕೆಡಿಸಿದ್ದು ಎಂದು ಸಾರಿದ. ಬೈದದ್ದಕ್ಕೆ ಸೇಡು, ಗೋಪಾಲಪ್ಪನ ಚಿತಾವಣೆ, ಬೇರೆ ವ್ಯಾನಿನವರ ಕುಮ್ಮಕ್ಕು, ಅವನ ಬಾಯಿಗೆ ಬಾರದ ಕಾರಣವಿಲ್ಲ. ನಲ್ಲಪ್ಪನ ಮುಖ ಕಪ್ಪಿಟ್ಟಿತು. ಬ್ರೇಕ್ ಕೆಡಿಸಿದವನೆಂಬ ಹೆಸರು ಬಂದರೆ ಪೀಣ್ಯದಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡುವುದಿಲ್ಲ.

"ಚಕ್ರ ಬಿಚ್ಸಿ ನೋಡಾನ ನಡಿ. ಯಾವ ಮೆಕ್ಯಾನಿಕ್ ಆದ್ರೂ ಸರಿ" ಎಂದ ನಲ್ಲಪ್ಪ.

"ನನ್ ಗಾಡಿ ಮುಟ್ಟಿದ್ರೆ ಕೈ ಕತ್ತರಿಸ್ತೀನಿ. ಬಾ ಆಂಜನೇಯನ ತಾವ. ಕರ್ಪೂರ ಆರ್ಸು, ನೋಡಾನ."

ನಮ್ಮ ಕಡೆ ಜಗಳ ಬಗೆಹರಿಯದಿದ್ದರೆ ಇದೇ ಪದ್ಧತಿ. ದೇವರ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಾರೆ. ಆಣೆ ಮಾಡುವವನು ಮಾತು ಹೇಳಿ ಅಂಗೈಯಿಂದ ಅದನ್ನು ಆರಿಸಬೇಕು. ಸುಳ್ಳು ಹೇಳಿ ಆರಿಸಿದವನ ಮನೆ ದೀಪ ಹಾಗೇ ಆರುತ್ತದೆ ಎಂದು ನಂಬಿಕೆ. ಕರ್ಪೂರ ಆರಿದ ಮೇಲೆ ಆ ಜಗಳದ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ.

ಅರ್ಧ ಊರು ಗುಡಿಯ ಮುಂದೆ ಸೇರಿತು. ಕೈಗೆ ಪಟ್ಟಿ ಕಟ್ಟಿಸಿಕೊಂಡ ಆಂಜಿನಪ್ಪನೂ ಬಂದು ಕಟ್ಟೆಯ ಮೇಲೆ ಕೂತಿದ್ದ, ನ್ಯಾಯ ಏನಾಗುತ್ತದೋ ನೋಡಿ ಕಾರ್ಖಾನೆಗೆ ಹೇಳಬೇಕೆಂದು. ಗೋಪಾಲಪ್ಪ ಅಣ್ಣನಿಗೆ ಕಾಣುವ ಹಾಗೆ ಎದುರಿಗೇ ನಿಂತಿದ್ದ. ನಲ್ಲಪ್ಪ ಕಾಲು ತೊಳೆದು ಬಂದ. "ನಾನು ವ್ಯಾನು ಕೆಡಿಸಿಲ್ಲ, ಚಕ್ರಕ್ಕೆ ಕೈ ಆಕಿಲ್ಲ" ಎಂದು ಹೇಳಿ ಕರ್ಪೂರ ಆರಿಸಿದ. ಸುಟ್ಟ ಅಂಗೈಯನ್ನು ಒರೆಸಿಕೊಳ್ಳಲೂ ಇಲ್ಲ.

"ಈಗ ನಿನ್ ಸರದಿ, ಯಜಮಾನ. ನೀನೂ ಕೈ ಆಕಿಲ್ಲ ಅಂತ ಆರ್ಸು."

"ಆರ್ಸ್ತೀನಿ, ನಂಗೇನ್ ಭಯ. ನಾನು ಕೆಡ್ಸಿಲ್ಲ."

ಅರ್ಚಕರು ಮತ್ತೆ ಕರ್ಪೂರ ಹಚ್ಚಿದರು. ಹನುಮಂತರಾಯಪ್ಪ ನಿಜವಾಗಿಯೂ ಹೆದರಿರಲಿಲ್ಲ. ಎಣ್ಣೆ ಬಿಟ್ಟದ್ದನ್ನು ಅವನು ಮರೆತೂ ಇರಲಿಲ್ಲ, ಬಚ್ಚಿಡುತ್ತಲೂ ಇರಲಿಲ್ಲ. ಎತ್ತಿಗೆ ನೀರು ಕುಡಿಸುವುದನ್ನು ಯಾರಾದರೂ ಎತ್ತು ಕೆಡಿಸುವುದು ಅನ್ನುತ್ತಾರೆಯೇ? ಹಾಗೆ ಅವನ ಲೆಕ್ಕ. ಅವನು ಕೈ ಚಾಚಿದ. ಆಗ ಹೆಂಗಸರ ಕಡೆಯಿಂದ ಮಾರಕ್ಕ ಮುಂದೆ ಬಂದಳು.

"ಎಣ್ಣೆ ಬಿಟ್ಟಿದ್ದು ಏಳಿ ಆರ್ಸು."

"ಏನೇ?"

"ನಿನ್ನೆ ಚಕ್ರ ಬಿಚ್ಚಿ ಕೀಲೆಣ್ಣೆ ಬಿಟ್ಯಲ್ಲ, ಅದು ಏಳು. ಕೈ ಆಕಿಲ್ಲ ಅಂತ ಏಳ್ಬೇಡ. ದೇವ್ರ ಮುಂದೆ ಪೂರ್ತಿ ಏಳ್ಬೇಕು."

"ಎಣ್ಣೆ ಬಿಡೋದು ಕೆಡ್ಸೋದೇನೇ, ಮಂಕೆ" ಎಂದ ಅವನು.

ಕಟ್ಟೆಯ ಮೇಲಿದ್ದ ಆಂಜಿನಪ್ಪ ಎದ್ದು ನಿಂತ. "ಯಾವ ಚಕ್ರಕ್ಕೆ? ಎಲ್ಲಿಗೆ ಬಿಟ್ರಿ?"

"ಇಂದಿನ ಎಲ್ಡಕ್ಕೂ. ಡ್ರಮ್ಮಿನಾಗೆ ತೂತಿಲ್ವಾ, ಅಲ್ಲಿಗೆ."

ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹುಡುಗರ ಕಡೆಯಿಂದ ನಗು ಎದ್ದಿತು. ಅದು ಒಳ್ಳೆಯ ನಗುವಲ್ಲ.

"ಬ್ರೇಕಿಗೆ ಎಣ್ಣೆ ಕುಡ್ಸವ್ನೆ ಕಣ್ರೋ" ಎಂದ ಒಬ್ಬ. "ಮುಂದಿನ ವಾರ ಇಂಡಿ ಬೂಸಾ ಆಕ್ತಾನೆ" ಎಂದ ಇನ್ನೊಬ್ಬ.

ನಲ್ಲಪ್ಪ ನಗಲಿಲ್ಲ. "ಉಜ್ಜಿ ಇಡಿದ್ರೆ ತಾನೇ ಚಕ್ರ ನಿಲ್ಲೋದು. ಎಣ್ಣೆ ಬಿಟ್ರೆ ಜಾರ್ತದೆ. ಇಪ್ಪತ್ತು ಜನದ ಜೀವ ತಗೀತಿದ್ದೆ, ಮೇಲೆ ನನ್ ತಲೆಗೆ ಕಟ್ಟಾಕೆ ಬಂದೆ" ಎಂದು ವ್ಯಾನಿನ ಕೀಲಿಯನ್ನು ಹನುಮಂತರಾಯಪ್ಪನ ಕಾಲ ಬಳಿ ಎಸೆದ. ದೇವರಿಗೆ ಕೈ ಮುಗಿದು ಹೊರಟುಹೋದ.

ಹನುಮಂತರಾಯಪ್ಪ ಉರಿಯುವ ಕರ್ಪೂರವನ್ನೇ ನೋಡುತ್ತಾ ನಿಂತಿದ್ದ. ಅವನಿಗೆ ಆಗ ಅರ್ಥವಾಯಿತು ಎಂದು ನನಗನ್ನಿಸುತ್ತದೆ. ಅರ್ಥವಾದದ್ದನ್ನು ಒಪ್ಪಿಕೊಳ್ಳುವ ಬಾಯಿ ಅವನಿಗಿರಲಿಲ್ಲ. ಅವನು ತಿರುಗಿ ಹೆಂಡತಿಯನ್ನು ನೋಡಿದ.

"ಮನೆಮುರುಕಿ" ಎಂದ.

"ಮನೆ ಉಳಿಸಿವ್ನಿ" ಎಂದಳು ಮಾರಕ್ಕ. "ಗಾಡಿ ನಿಂದು. ಅದ್ನ ನೀನು ನೋಡ್ಕ."

ಆ ಕರ್ಪೂರ ಯಾರೂ ಆರಿಸದೆ ತಾನಾಗಿ ಉರಿದು ಮುಗಿಯಿತು.

ಮಾರನೆಯ ದಿನ ಸಾಹೇಬರಿಗೆ ಹೇಳಲು ಅವನು ಹೋಗುವ ಮೊದಲೇ ಆಂಜಿನಪ್ಪ ಹೇಳಿಯಾಗಿತ್ತು. ಕಾರ್ಖಾನೆಯ ಓಡಾಟ ದಾಸರಹಳ್ಳಿಯ ಯಾರದೋ ವ್ಯಾನಿಗೆ ಹೋಯಿತು. ಅದಕ್ಕೆ ನಲ್ಲಪ್ಪನೇ ಡ್ರೈವರ್. ಹನುಮಂತರಾಯಪ್ಪ ಇದನ್ನು ಮೊದಲೇ ಹೂಡಿದ ಸಂಚು ಎಂದು ಈಗಲೂ ಹೇಳುತ್ತಾನೆ. ಮಾರಕ್ಕನೂ ಅದರಲ್ಲಿದ್ದಳೆಂದು ಸೇರಿಸುತ್ತಾನೆ.

ಗೋಪಾಲಪ್ಪ ವ್ಯಾನು ಮಾರಿಸಿ ಕೊಡುತ್ತೇನೆಂದು ಬಂದಾಗ ಹನುಮಂತರಾಯಪ್ಪ ಅವನ ಮೇಲೆ ಪೊರಕೆ ಬೀಸಿದ. ವ್ಯಾನಿನೊಳಗಿನ ಬೆಂಚುಗಳನ್ನು ಕಿತ್ತು ಹಾಕಿ, ಮನೆ ಕಟ್ಟುವವರಿಗೆ ಇಟ್ಟಿಗೆ, ಜಲ್ಲಿ ಹೇರುವುದಕ್ಕೆ ಹಿಡಿದ. ತಾನೇ ಓಡಿಸುತ್ತಾನೆ. ಇಟ್ಟಿಗೆಯ ಭಾರಕ್ಕೆ ಪಟ್ಟೆಗಳು ಮೊದಲಿಗಿಂತ ಬೇಗ ಮುರಿಯುತ್ತವೆ. ಲಗ್ಗೆರೆಯಲ್ಲಿ ಈಗ ದಿನಕ್ಕೊಂದು ಮನೆ ಏಳುತ್ತಿರುವುದರಿಂದ ಕೆಲಸಕ್ಕೆ ಕಡಿಮೆಯಿಲ್ಲ. ಅವನ ತಮ್ಮನ ಹೊಸ ಮನೆಗಳಿಗೂ ಅವನೇ ಇಟ್ಟಿಗೆ ಹೊಡೆದ, ಒಂದು ಮಾತಾಡದೆ.

ಹೆಂಡತಿಯ ಜೊತೆ ನೇರ ಮಾತು ಅಂದಿಗೇ ನಿಂತಿತು. ಅನ್ನ ಬೇಕಾದರೆ ಬಾಗಿಲಲ್ಲಿ ನಿಂತು ಬೀದಿಗೆ ಹೇಳುವ ಹಾಗೆ, "ಮನೆಯಾಗೆ ಯಾರಾದ್ರೂ ಇದ್ರೆ ಇಟ್ಟು ಇಕ್ಲಿ" ಎನ್ನುತ್ತಾನೆ. ಅವಳು ಮುದ್ದೆ ತಟ್ಟೆಯನ್ನು ನೆಲಕ್ಕೆ ತಾಗಿಸಿ ಸದ್ದು ಮಾಡಿ ಇಡುತ್ತಾಳೆ. ಇದನ್ನು ನೋಡಿ ನನಗೆ ಎಷ್ಟೋ ಸಲ ಸಂಕಟವಾಗಿದೆ. ಶನಿವಾರ ಗುಡಿಯಲ್ಲಿ ಸಿಕ್ಕಾಗ ಒಮ್ಮೆ, ಅಂದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆಯೇ ಎಂದು ಮಾರಕ್ಕನನ್ನು ಕೇಳಿದೆ.

"ಮಾತಿಲ್ದೆ ಬದುಕಬೌದು ತಗಾ" ಎಂದಳು, ಅಷ್ಟೇ.

ಬ್ರೇಕ್ ಕೂಗಿದರೆ ಅವನು ಈಗ ಗ್ಯಾರೇಜಿಗೇ ಹೋಗುತ್ತಾನೆ. ಮೆಕ್ಯಾನಿಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೆಲಸ ಮುಗಿಯುವವರೆಗೂ ಬೈಯುತ್ತಲೇ ಇರುತ್ತಾನೆ. ಸವೆದ ಲೈನಿಂಗನ್ನು ಕೈಗೆ ಕೊಡಲೇಬೇಕು, ಇಲ್ಲದಿದ್ದರೆ ಬದಲಾಯಿಸಿದ್ದಾರೆಂದು ನಂಬುವುದಿಲ್ಲ. ಅದನ್ನು ಮನೆಗೆ ತಂದು ಅಡಿಗೆ ಮನೆಯ ಹೊಸ್ತಿಲ ಮೇಲೆ, ಮಾರಕ್ಕನಿಗೆ ಕಾಣುವ ಕಡೆ, ಠಪ್ಪೆಂದು ಇಟ್ಟು ಹೋಗುತ್ತಾನೆ. ಅವಳು ಬೆಳಿಗ್ಗೆ ಕಸ ಗುಡಿಸುವಾಗ ಅದನ್ನೂ ಗುಡಿಸಿ ಬೀದಿಗೆ ಹಾಕುತ್ತಾಳೆ.